ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಇಬ್ಬರು ಹೆಂಗಸರು ಕೂತಿದ್ದರು. ಸೆರಗಿನ ತುಂಬ ದಾರದ ಎಳೆಗಳು. ಚಿಕ್ಕವಳು ಕಿಟಕಿ ಕಡೆ ಮುಖ ಮಾಡಿಕೊಂಡೇ ಮಾತು ತೆಗೆದಳು.

“ನಮ್ಮನೆಯವರು ಹಾರ್ಟ್ ಅಟ್ಯಾಕಲ್ಲಿ ಹೋದರು ಅಂತ ನಿಮಗೂ ಸುಳ್ಳು ಹೇಳಿದ್ದೆ, ಅಕ್ಕಾ.”

“ಗೊತ್ತಿತ್ತು ಕಣಮ್ಮಾ.”

“ಮತ್ತೆ ಯಾಕೆ ಕೇಳಲಿಲ್ಲ?”

“ನನ್ನ ತಮ್ಮನೂ ಆತ್ಮಹತ್ಯೆಯಲ್ಲೇ ಹೋದ. ನಾವು ಜ್ವರ ಬಂದಿತ್ತು ಅಂದ್ವಿ. ಆಮೇಲೆ ಮನೇಲಿ ಅವನ ಹೆಸರೆತ್ತೋಕೇ ಆಗದ ಹಾಗಾಯ್ತು.”

ಚಿಕ್ಕವಳು ಕಿಟಕಿ ಬಿಟ್ಟು ಅವಳ ಕಡೆ ತಿರುಗಿದಳು.

“ಕಟ್ಟಿಕೊಂಡವಳಿಗೇ ಗೊತ್ತಾಗಲಿಲ್ವಾ ಅಂತಾರೆ ನಮ್ಮತ್ತೆ.”

“ಹೆತ್ತವರಿಗೂ ಗೊತ್ತಾಗಲಿಲ್ಲವಲ್ಲ. ಆ ಸಂಕಟಕ್ಕೆ ಹಾಗಂತಾರೆ. ನಿನ್ನ ತಪ್ಪೇನಿಲ್ಲ. ಭಾನುವಾರ ಲೈಬ್ರರಿ ಮಹಡಿ ಮೇಲೆ ನಮ್ಮಂಥವರು ಸೇರ್ತೀವಿ. ಬರ್ತೀಯಾ?”

“ಅಲ್ಲಿ ಏನೇನು ಕೇಳ್ತಾರೋ.”

“ಯಾಕೆ ಹಾಗೆ ಮಾಡ್ಕೊಂಡ್ರು ಅಂತ ಯಾರೂ ಕೇಳಲ್ಲ. ಮೊದಮೊದಲು ನಾನು ಬರೀ ಅತ್ತು ಎದ್ದು ಬರ್ತಿದ್ದೆ.”

“ಅವರು ನಗಿಸ್ತಿದ್ದದ್ದನ್ನೂ ಹೇಳಬಹುದಾ? ನಮ್ಮ ಮಾವನ ಗೊರಕೆನ ಥೇಟ್ ಹಾಗೇ ಮಾಡಿ ತೋರಿಸೋರು. ಅವರು ಹೋದಮೇಲೆ ಇಂಥದ್ದನ್ನ ಯಾರೂ ಕೇಳೇ ಇಲ್ಲ.”

“ಭಾನುವಾರದ ತನಕ ಯಾಕೆ, ಈಗಲೇ ಹೇಳು.”

ಅಷ್ಟರಲ್ಲಿ ಚಿಕ್ಕವಳ ಸ್ಟಾಪ್ ಬಂತು. ದೊಡ್ಡಾಕೆಯೂ ಎದ್ದಳು.

“ಅಕ್ಕಾ, ನಿಮ್ಮ ಸ್ಟಾಪ್ ಇನ್ನೂ ಮುಂದೆ ಅಲ್ವಾ?”

“ಇರಲಿ ನಡಿ, ನಿಮ್ಮ ಮನೆ ತನಕ ಕೇಳ್ತಾ ಬರ್ತೀನಿ.”

ಬಸ್ಸು ಹೊರಟಾಗ ನಾನು ಕಿಟಕಿಯಿಂದ ನೋಡಿದೆ. ಚಿಕ್ಕವಳು ರಸ್ತೆ ಬದಿಯಲ್ಲೇ ನಿಂತು, ಕಣ್ಣು ಮುಚ್ಚಿ, ಬಾಯಿ ಅಗಲಿಸಿ ಗೊರಕೆ ಹೊಡೆದು ತೋರಿಸುತ್ತಿದ್ದಳು.