ಆರೂವರೆ ಸಾರ್ ಅವರ ಫೋನು

ಬೆಳಗ್ಗೆಯಿಂದ ಆಸ್ಪತ್ರೆ ಸ್ಟಾಪಲ್ಲಿ ನಿಂತು ನಿಂತು ಸಾಕಾಯ್ತು — ಬಂದ ಬಸ್ಸೆಲ್ಲ ಹಳೇವೇ, ಮೆಟ್ಟಿಲು ನೋಡಿದ್ರೆ ಇಲ್ಲಿಗೆ, ನನ್ನ ಮೊಣಕಾಲಿಗೆ — ಆಮೇಲೆ ಈ ಕಡೆ ಬರೋ ಬಸ್ಸು ಕೆಟ್ಟು ನಿಂತು, ಅರ್ಧ ದಾರಿ ನಡ್ಕೊಂಡು, ಮಧ್ಯೆ ಈ ಫೋನು ಬೇರೆ ಬಿಡದೆ ಬಡ್ಕೊಂಡು... ಕ್ಷಮಿಸಿ. ತಡವಾಯ್ತು. ಮೈಕ್ ಮುಂದೆ ಬಂದು ಮೊದಲು ನಮಸ್ಕಾರ ಹೇಳ್ಬೇಕಿತ್ತು, ದೂರು ಹೇಳ್ತಾ ನಿಂತೆ.

ವೇದಿಕೆ ಮೇಲಿರುವ ಹಿರಿಯರಿಗೆ, ಸಾರ್ ಅವರ ಮನೆಯವರಿಗೆ — ಅಮ್ಮ, ಅಕ್ಕ — ನಮ್ಮ ಸಾರಿಗೆ ಕಚೇರಿಯವರಿಗೆ, ಜಾಗ ಸಿಗದೆ ಗೋಡೆಗೊರಗಿ ನಿಂತಿರೋ ಎಲ್ಲರಿಗೂ ನನ್ನ ನಮಸ್ಕಾರ.

ನಾನು ಈ ಊರಿನವನಲ್ಲ. ಕೆಲಸ ಹುಡುಕ್ಕೊಂಡು ಬಂದವನು. ಮೊದಲ ದಿನ ಕಚೇರಿಯಲ್ಲಿ ಕೈಕಟ್ಟಿ ನಿಂತಿದ್ದೆ. ಸಾರ್ ಕನ್ನಡಕದ ಮೇಲಿಂದ ನೋಡಿದ್ರು — ಹೀಗೆ — ನೋಡಿ, "ಊರು ಪರಿಚಯ ಆಗ್ಬೇಕಾ? ಬೈಸ್ಕೋ. ಯಾವ ಬೀದಿಯವರು ಹೇಗೆ ಬೈತಾರೆ ಗೊತ್ತಾದ್ರೆ ಊರೇ ಗೊತ್ತಾದ ಹಾಗೆ" ಅಂದ್ರು.

ಬೈಗುಳಕ್ಕೇನು ಬರ ಇರಲಿಲ್ಲ. ಊರಿನ ನಡುಭಾಗಕ್ಕೆ ಕಾರು ತಂದರೆ ಶುಲ್ಕ ಕಟ್ಟಬೇಕು ಅಂತ ಆಗಷ್ಟೇ ಹೇಳಿದ್ವಿ. ಒಂದು ವರ್ಷ ಪ್ರಯೋಗ, ಆಮೇಲೆ ನಗರಸಭೆಯಲ್ಲಿ ಮತ. ಜನ ಅದಕ್ಕೆ "ಗೆರೆ ದುಡ್ಡು" ಅಂತ ಹೆಸರಿಟ್ಟರು. ಗೆರೆ ದಾಟಿದ್ರೆ ದುಡ್ಡು. ನಮ್ಮನ್ನ ಏನಂತ ಕರೀತಿದ್ರು ಅನ್ನೋದನ್ನ ಈ ಸಭೆಯಲ್ಲಿ ಹೇಳೋ ಹಾಗಿಲ್ಲ.

ಆಗಲೇ ಆ ತಪ್ಪು ಆಗಿದ್ದು. ನಿಮಗೆಲ್ಲ ಗೊತ್ತಿರೋದೇ. ಪ್ರಕಟಣೆ ಬರೆಯುವಾಗ ಕಚೇರಿ ನಂಬರ್ ಇನ್ನೂ ಬಂದಿರಲಿಲ್ಲ. ಜಾಗ ಖಾಲಿ ಕಾಣಬಾರದು ಅಂತ ಸಾರ್ ತಮ್ಮ ಸ್ವಂತ ನಂಬರ್ ಹಾಕಿದ್ರು. ಆಮೇಲೆ ಬದಲಾಯಿಸೋಣ ಅಂದ್ಕೊಂಡ್ರು. ಮರೆತ್ರು. ಬೆಳಗಾಗೋದ್ರೊಳಗೆ ಪ್ರತಿ ಬಸ್ ಸ್ಟಾಪಲ್ಲೂ, ಪ್ರತಿ ಬಸ್ಸಿನ ಬೆನ್ನ ಮೇಲೂ ನಮ್ಮ ಸಾರ್ ನಂಬರ್! ಮೊದಲನೇ ಬೈಗುಳ ಬಂದಾಗ ಅರ್ಧ ಗಡ್ಡ ಬೋಳಿಸಿದ್ರಂತೆ. ಇನ್ನರ್ಧ ಸಂಜೆವರೆಗೂ ಹಾಗೇ ಇತ್ತು.

ಅದರ ಮೇಲೆ ಚೀಟಿ ಅಂಟಿಸೋಣ ಅಂದ್ರು ಮೇಲಿನವರು. ಸಾರ್ ಒಪ್ಪಲಿಲ್ಲ. "ಇರ್ಲಿ ಬಿಡಿ. ಬೈಯೋಕೆ ಒಂದು ಬಾಗಿಲಾದ್ರೂ ಇರ್ಲಿ."

ಅವರ ಪದ್ಧತಿ ಒಂದೇ. ಫೋನಲ್ಲಿ ವಾದ ಮಾಡ್ತಿರಲಿಲ್ಲ. ಪೂರ್ತಿ ಕೇಳೋದು, "ನೋಡ್ಕೊಂಡು ಬರ್ತೀನಿ, ಆರೂವರೆಗೆ ವಾಪಸ್ ಮಾಡ್ತೀನಿ" ಅನ್ನೋದು. ನಿಜವಾಗ್ಲೂ ಹೋಗಿ ನೋಡೋದು. ಆರೂವರೆಗೆ ಮಾಡೋದು. ಅದಕ್ಕೇ ಅವರು ಆರೂವರೆ ಸಾರ್.

ಅಲ್ಲಿ, ಮೂರನೇ ಸಾಲಲ್ಲಿ, ಬೇಕರಿ ಅಕ್ಕ ಕೂತಿದ್ದಾರೆ. ಅಕ್ಕ, ಹೇಳ್ಲಾ? — ಹೇಳ್ತೀನಿ. ಕೋಳಿ ಕೂಗೋ ಹೊತ್ತಿಗೆ ಒಲೆ ಹಚ್ಚೋಕೆ ಹೊರಡೋರು ಇವರು. ಫೋನ್ ಮಾಡಿ ಸಾರ್‌ಗೆ ನೀರಿಳಿಸಿಬಿಟ್ರು. ಕಾರು ಬಿಟ್ಟು ಬಸ್ ಹತ್ತು ಅಂತ ಉಪದೇಶ ಮಾಡ್ತೀರಲ್ಲ, ಆ ಹೊತ್ತಲ್ಲಿ ನಿಮ್ಮಪ್ಪ ಓಡಿಸ್ತಾನಾ ಬಸ್ಸು ಅಂತ. ಮಾರನೇ ದಿನ ಸಾರ್ ಕತ್ತಲಲ್ಲೇ ಎದ್ದು ಅಕ್ಕನ ಸ್ಟಾಪಲ್ಲಿ ಹೋಗಿ ನಿಂತ್ರು. ಚಳಿಗೆ ಕಾಲು ಮರಗಟ್ಟೋವರೆಗೂ ನಿಂತ್ರು. ಸಂಜೆ ಫೋನ್ ಮಾಡಿ, "ನೀವು ಹೇಳಿದ್ದೇ ನಿಜ ತಾಯಿ. ಬಸ್ ಬರಲಿಲ್ಲ" ಅಂದ್ರು. ಅಷ್ಟೇ. ಸಮಜಾಯಿಷಿ ಇಲ್ಲ, ಏನಿಲ್ಲ.

ಆಮೇಲೆ ಮೀಟಿಂಗಲ್ಲಿ ಮೇಜು ಗುದ್ದಿದ್ರು. ಕೊಡೋದನ್ನ ಮೊದಲು ಕೊಡಿ, ಕೇಳೋದನ್ನ ಆಮೇಲೆ ಕೇಳಿ — ಬಸ್ ಬಿಡೋವರೆಗೂ ಆ ಹೊತ್ತಲ್ಲಿ ಶುಲ್ಕ ಬೇಡ ಅಂತ. ಹಿರಿಯರು ಇಲ್ಲೇ ಇದ್ದಾರೆ, ಅವರಿಗೆ ನೆನಪಿರುತ್ತೆ. ಬಸ್ ಬಂತು. ಅಕ್ಕ ಈಗ್ಲೂ ಗೆರೆ ದುಡ್ಡು ಇಷ್ಟ ಅಂತ ಹೇಳಲ್ಲ. ಆದ್ರೆ ಬಸ್ಸಲ್ಲಿ ಯಾರಾದ್ರೂ ಬೈದ್ರೆ, "ಮೊದಲು ಆ ನಂಬರ್‌ಗೆ ಮಾಡಿ, ಆಮೇಲೆ ಬೈರಿ" ಅಂತಾರೆ. ನಕ್ಷೆ, ಲೆಕ್ಕ, ಭಾಷಣ — ಯಾವುದಕ್ಕೂ ಬಗ್ಗದ ಜನ, ತಿರುಗಿ ಫೋನ್ ಮಾಡಿದ ಮನುಷ್ಯನಿಗೆ ಸ್ವಲ್ಪ ಬಗ್ಗಿದ್ರು.

ಅವತ್ತು ಸಾರ್ ಎದೆ ಹಿಡ್ಕೊಂಡು ಕುಸಿದಾಗ ಆಂಬುಲೆನ್ಸ್ ಬೇಗ ಬಂತು. ಅಮ್ಮನೇ ನನಗೆ ಹೇಳಿದ್ರು. "ದಾರಿ ಖಾಲಿ ಇತ್ತಪ್ಪ. ಎಲ್ಲೂ ನಿಲ್ಲಲಿಲ್ಲ. ಆದ್ರೂ..."

— ಆದ್ರೂ.

ಮುಂದಿನ ವಾರ ಮತ. ಗೆರೆ ದುಡ್ಡು ಉಳಿಯುತ್ತೋ ಹೋಗುತ್ತೋ ನನಗೆ ಗೊತ್ತಿಲ್ಲ. ನಂಬರ್ ಬಂದ್ ಮಾಡಿಸೋಣ ಅಂದ್ರು ಕಚೇರಿಯವರು. ಸಾರ್ ಮಗಳು ಮಾತ್ರ ಫೋನು ತಂದು ನನ್ನ ಕೈಗಿಟ್ಟರು. "ಅಪ್ಪ ಒಬ್ಬರಿಗೆ ವಾಪಸ್ ಮಾಡೋದು ಉಳಿದಿದೆ" ಅಂದ್ರು.

ಆ ಒಬ್ಬರು ಒಬ್ಬ ಯಜಮಾನರು. ಹೆಂಡತಿಯನ್ನ ಚಿಕಿತ್ಸೆಗೆ ಗೆರೆಯೊಳಗಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆಕೆಗೆ ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ಕಾರು, ಕಾರಿಗೆ ಗೆರೆ ದುಡ್ಡು. ಆ ಯಜಮಾನರಿಗೆ ಸಾರ್ ಆರೂವರೆ ಅಂದಿದ್ರು. ಅವತ್ತು ಮಧ್ಯಾಹ್ನವೇ ತೀರ್ಕೊಂಡ್ರು. ಆ ಯಜಮಾನರು ದಿನಾ ಮಾಡ್ತಾರೆ — ನೀವೂ ಎಲ್ಲರ ಥರಾನೇ ಅಂತ ಬೈತಾರೆ. ಸಾರ್ ಇಲ್ಲ ಅನ್ನೋ ಮಾತು ನನ್ನ ಬಾಯಿಗೆ ಬರಲ್ಲ. ಅದಕ್ಕೇ ಇವತ್ತು ಬೆಳಗ್ಗೆ ಹೋಗಿ ಆ ಸ್ಟಾಪಲ್ಲಿ ನಿಂತೆ. ಮೆಟ್ಟಿಲು ನೋಡ್ದೆ. ಇಲ್ಲಿಗೆ ಬರುತ್ತೆ, ನನ್ನ ಮೊಣಕಾಲಿಗೆ. ಆಕೆ ಹತ್ತೋಕೆ ಸಾಧ್ಯವೇ ಇಲ್ಲ. ಅವರು ಹೇಳಿದ್ದೇ ನಿಜ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಸಾರ್‌ಗೋಸ್ಕರ ಸ್ವಲ್ಪ ಹೊತ್ತು ಮೌನವಾಗಿರೋಣ. ಫೋನು ಇಲ್ಲೇ ಮೇಜಿನ ಮೇಲಿಡ್ತೀನಿ. ಆಫ್ ಮಾಡಲ್ಲ. ಮಧ್ಯದಲ್ಲಿ ಬಡ್ಕೊಂಡ್ರೆ ಯಾರೂ ಬೇಜಾರು ಮಾಡ್ಕೋಬೇಡಿ, ಆ ಯಜಮಾನರೇ ಇರ್ತಾರೆ. ಒಳಗೆ ಬರೋ ಮುಂಚೆ ಬಾಗಿಲಲ್ಲಿ ನಿಂತೇ ಫೋನಲ್ಲಿ ಅವರಿಗೆ ಹೇಳಿ ಬಂದಿದೀನಿ — ನೋಡ್ಕೊಂಡು ಬಂದೆ ಸಾರ್, ಸಂಜೆ ಆರೂವರೆಗೆ ವಾಪಸ್ ಮಾಡ್ತೀನಿ ಅಂತ.