ತೊಟ್ಟಿಲ ಕೆಳಗಿನ ಇಲಿಬೋನು

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನನ್ನ ಹೆಂಡತಿಯ ಸ್ವಂತ ತಮ್ಮ, ಆ ದರ್ಜಿ ಇದ್ದಾನಲ್ಲ, ಅವನಿಗೇ ಆದದ್ದು.

ಅವತ್ತು ಅಂಗಡಿ ಮುಚ್ಚುವುದು ತಡವಾಯಿತು. ಹೊಸ ಇಲಿಬೋನನ್ನು ಕಂಕುಳಲ್ಲಿ ಇಟ್ಟುಕೊಂಡು ಹಳೇ ಬಾವಿಯ ಪಕ್ಕದ ದಾರಿ ಹಿಡಿದ. ಹೆಜ್ಜೆ ಹಾಕಿದಂತೆಲ್ಲ ಬೋನಿನ ಬಾಗಿಲು ಕಿಣಿ... ಕಿಣಿ... ಅನ್ನುತ್ತಿತ್ತು. ಅವನ ತಲೆಯಲ್ಲಿದ್ದದ್ದು ಒಂದೇ ಚಿಂತೆ. ಹಿಂದಿನ ರಾತ್ರಿ ಇಲಿ ಬಂದು ಎಳೆಗೂಸಿನ ಕಾಲ್ಬೆರಳು ಕಚ್ಚಿತ್ತು. ಬೆಳಿಗ್ಗೆ ಅವನ ಹೆಂಡತಿ ಅಂದಿದ್ದಳು, "ನಿಮ್ಮ ಕತ್ತರಿ ಕಂಡ್ರೆ ಊರಿನ ಬಟ್ಟೆಯೆಲ್ಲ ನಡುಗುತ್ತೆ. ಒಂದು ಇಲಿ ಮಾತ್ರ ನಿಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲ. ಏನಾದ್ರೂ ಮಾಡಿ, ಇಲ್ಲಾಂದ್ರೆ ಮಗೂನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ."

ಪಾಪ, ಅವನು ಮಾಡದೆ ಬಿಟ್ಟದ್ದೇನಿತ್ತು? ಹೆಬ್ಬೆರಳು ತೂರುವಂಥ ತೂತಿಗೂ ಸಿಮೆಂಟು ಮೆತ್ತಿದ್ದ. ಅಷ್ಟು ಜಾಗ ಸಿಕ್ಕರೆ ಸಾಕು, ಕೊಬ್ಬಿದ ಇಲಿಯೂ ಮೈ ಹಿಂಡಿಕೊಂಡು ಒಳಗೆ ಬಂದುಬಿಡುತ್ತದೆ. ಇಲಿಯ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಗೊತ್ತೇ? ಕಡಿದು ಸವೆಸಲೇಬೇಕು. ಹಸಿವಿರಲಿ ಬಿಡಲಿ, ರಾತ್ರಿಯಿಡೀ ಕರಕರ... ಕರಕರ... ಇವನು ಮೆತ್ತಿದ ಸಿಮೆಂಟು ಒಣಗುವ ಮೊದಲೇ ಪಕ್ಕದಲ್ಲಿ ಇನ್ನೊಂದು ಬಾಗಿಲು ಮಾಡಿಕೊಂಡಿತ್ತು.

"ತಮ್ಮಾ..."

ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮುಖ ಆ ಕಡೆಗೆ.

"ಮನೇಲಿ ಎಳೆಗೂಸಾ?" ಬರೀ ಪಿಸುಮಾತು.

"ಹೌದಕ್ಕ. ಯಾರು ಹೇಳಿದ್ರು?"

"ನಿನ್ನ ಅಂಗೀಲಿ ಹಾಲಿನ ವಾಸನೆ ಇದೆ... ಇಲಿ ಬರೋದೂ ಅದಕ್ಕೇ."

ಇವನು ಅಂಗಿ ಮೂಸಿ ನೋಡಿಕೊಂಡ.

"ಬೋನು ಹೊಸದು," ಅಂದಳು. "ಹೊಸದು ಅಂದ್ರೆ ಇಲಿಗೆ ಅನುಮಾನ. ತಿಂದದ್ದನ್ನ ಕಕ್ಕೋಕೆ ಬರಲ್ಲ ಅದಕ್ಕೆ. ಹಂಗಾಗಿ ನೋಡಿ ನೋಡಿ ಬಾಯಿ ಹಾಕುತ್ತೆ. ಬಾಗಿಲು ಮೇಲೆತ್ತಿ ಕಟ್ಟು. ಭಯ ಬಿಡೋ ತನಕ ಸುಮ್ನೆ ತಿಂದು ಹೋಗ್ಲಿ. ಆಮೇಲೆ ಬಿಚ್ಚು."

"ಅಲ್ಲೀ ತನಕ ಮಗೂನ ಕಾಯೋರು ಯಾರಕ್ಕ? ನಾವಿಬ್ರೂ ಕೂತಲ್ಲೇ ತೂಕಡಿಸ್ತಿದ್ದೀವಿ."

ಬಾವಿಯೊಳಗೆ ಎಲ್ಲೋ ತೊಟ್... ತೊಟ್...

"ನಾನೂ ಹಂಗೇ ಮಗೂನ ಕಾಯ್ತಾ ನಿದ್ದೆ ಹೋದೆ," ಅಂದಳು. "ಈಗ ನಿದ್ದೇನೇ ಬರಲ್ಲ. ನೀವು ಮಲಗಿ... ನಾನು ಕಾಯ್ತೀನಿ."

ಇವನು ಹಿಂದೆ ತಿರುಗಿ ನೋಡದೆ ಮನೆ ಸೇರಿದ. ಹೆಂಡತಿಗೆ ಏನೂ ಹೇಳಲಿಲ್ಲ. ಬೋನಿನ ಬಾಗಿಲನ್ನೂ ಕಟ್ಟಲಿಲ್ಲ. ಕತ್ತಲಲ್ಲಿ ಕೂತವರ ಮಾತು ಕೇಳಿ ಬೋನು ಇಡಬೇಕಾ ಅಂತ ಹಟ. ಒಳಗೆ ರೊಟ್ಟಿ ಸಿಕ್ಕಿಸಿ ಹೂಡಿ, ತೊಟ್ಟಿಲ ಕೆಳಗಿಟ್ಟು ಮಲಗಿದ.

ನಡುರಾತ್ರಿ ಎಚ್ಚರವಾಯಿತು. ಕರಕರ ಇಲ್ಲ. ಅದರ ಬದಲು ಕಿರ್ರ್... ಕಿರ್ರ್... ತೊಟ್ಟಿಲು ತೂಗುತ್ತಿದೆ.

"ಸಾಕು, ಮಲಗೇ," ಅಂದ.

"ಮಲಗೇ ಇದ್ದೀನಿ," ಅಂತ ಪಕ್ಕದಿಂದಲೇ ಉತ್ತರ ಬಂತು. "ತೂಗ್ತಿರೋದು ನೀವಲ್ವಾ?"

ಕಿರ್ರ್... ಕಿರ್ರ್... ಅವನು ದೀಪ ಹಾಕಿದ. ತೊಟ್ಟಿಲು ನಿಂತಿತು. ಮಗು ನಿದ್ದೆಯಲ್ಲಿ ನಗುತ್ತಿತ್ತು. ಕೆಳಗೆ, ಬೋನಿನ ಬಾಗಿಲನ್ನು ಯಾರೋ ಒದ್ದೆ ಬಟ್ಟೆಯ ಚೂರಿನಿಂದ ಮೇಲೆತ್ತಿ ಕಟ್ಟಿದ್ದರು. ಒಳಗಿಟ್ಟ ರೊಟ್ಟಿ ಖಾಲಿ.

ಆಗ ಬಾವಿಯ ಸಂಗತಿ ಹೇಳಿದ. ಹೆಂಡತಿ ಮಗುವಿನ ಕೈಕಾಲು ಒಂದೊಂದಾಗಿ ಮುಟ್ಟಿ ನೋಡಿದಳು. ಹೊಸ ಗಾಯವಿಲ್ಲ.

"ದೀಪ ಆರಿಸಿ," ಅಂದಳು.

"ಏನೇ ನೀನು..."

"ಆರಿಸಿ ಅಂದೆ. ಯಾರಾದ್ರೂ ಆಗ್ಲಿ, ಕಾಯ್ತಿದ್ದಾರಲ್ಲ."

ಆ ಮೇಲಿನ ರಾತ್ರಿಗಳೂ ಹಾಗೇ ಕಳೆದವು. ಇವರು ರೊಟ್ಟಿ ಇಡುವುದು, ಇಲಿ ಧೈರ್ಯವಾಗಿ ತಿಂದು ಹೋಗುವುದು, ತೊಟ್ಟಿಲು ಕಿರ್ರ್ ಅನ್ನುವುದು. ಗಂಡನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹೆಂಡತಿ ಮಾತ್ರ ಗೊರಕೆ ಹೊಡೆದಳು. ಒಂದು ಸಂಜೆ ನೋಡಿದರೆ ಬಟ್ಟೆಯ ಚೂರು ಬಿಚ್ಚಿ ನೆಲದ ಮೇಲಿತ್ತು. ಆ ರಾತ್ರಿ... ಟಪ್! ಬೋನಿನಲ್ಲಿ ಮೊಳದುದ್ದದ ಇಲಿ, ಬಾಲ ಬೇರೆ.

ಅಲ್ಲಿಗೆ ತೊಟ್ಟಿಲು ತೂಗುವುದೂ ನಿಂತಿತು.

ಬೆಳಿಗ್ಗೆ ಗುಡಿಸಲು ತೊಟ್ಟಿಲು ಸರಿಸಿದರು. ಅದರ ಆಚೆ ಮಗ್ಗುಲು ಗೋಡೆಗೆ ತಾಗುವಷ್ಟು ಹತ್ತಿರವಿತ್ತು, ಬೆಕ್ಕಿಗೂ ನಿಲ್ಲಲು ಜಾಗವಿಲ್ಲ. ಆ ಮಗ್ಗುಲಿನ ಅಂಚಿನಲ್ಲಿ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು. ನಾಲ್ಕು ಬೆರಳಿನಗಲ, ಯಾರೋ ಅಲ್ಲೇ ಹಿಡಿದು ತೂಗಿದ ಹಾಗೆ. ನಾನೇ ಕೈಯಿಟ್ಟು ನೋಡಿದ್ದೀನಿ, ನನ್ನ ಕೈಗಿಂತ ಸಣ್ಣದು. ಸುಳ್ಳು ಹೇಳಿ ನನಗೇನಾಗಬೇಕು?