ನಾನಖಟಾಯಿಗೆ ಹಾಕಿದ ಸೋಡಾ

ನಗ್ರಿ, ನಗ್ರಿ, ಸೋಡಾ ಹಾಕೂ ಮೊದಲ ಈ ಮುದುಕಿ ಒಂದು ಚಿಟಿಗಿ ನಿಂಬಿ ರಸದಾಗ ಹಾಕಿ ಬುರುಗು ಬರ್ತದೋ ಇಲ್ಲೋ ನೋಡ್ತಾಳ ಅಂತ ನಿಮಗ ನಗಿ. ಯಾಕಂತ ಹೇಳ್ತೀನಿ, ಕೇಳ್ರಿ. ಆಗ ನಾವು ಮರಾಠಿ ಸೀಮಿ ಪಿಂಪ್ರಿಯೊಳಗ ಚಾಳಿನ್ಯಾಗ ಇದ್ವಿ, ಸಾಲು ಮನಿಯೊಳಗ ಮ್ಯಾಲಿನ ಖೋಲಿ. ತೊಂಬತ್ತೈದೋ ತೊಂಬತ್ತಾರೋ, ಇರ್ಲಿ, ನಿಮ್ಮಪ್ಪ ಇನ್ನೂ ಸಾಲಿಗೆ ಹೋಗ್ತಿರಲಿಲ್ಲ. ದೀಪಾವಳಿ ಬಂತಂದ್ರ ನಮ್ಮತ್ತಿ ನಾನಖಟಾಯಿ ಮಾಡಾವ್ರು, ಅವರವ್ವ ಬಿಜಾಪುರದಾಗ ಕಲಿಸಿದ್ದು. ತುಪ್ಪ ಸಕ್ರಿ ಪರಾತದಾಗ ಹಾಕಿ ಬೆಳ್ಳಗ ಆಗೂತನಕ ಅಂಗೈಲೆ ತಿಕ್ಕೂದು, ಆಮ್ಯಾಲೆ ಮೈದಾ, ಒಂದೀಟು ಕಡ್ಲಿಹಿಟ್ಟು, ಯಾಲಕ್ಕಿ. ಆ ಹಿಟ್ಟು ಬೇಕರಿಗೆ ಒಯ್ದು, ಪಾಳಿ ಹಚ್ಚಿ ನಿಂತು, ಅವರ ಭಟ್ಟಿಯೊಳಗ ಸುಡಿಸ್ಕೊಂಡು ಬರೂದು. ಓವನ್ ಯಾರ ಮನ್ಯಾಗ ಇತ್ತು ಆಗ?

ಸೋಡಾ ಮಾತ್ರ ಅತ್ತಿ ತಾವಾ ಹಾಕಾವ್ರು, ಯಾರಿಗೂ ಬಿಡ್ತಿರಲಿಲ್ಲ. ಆ ವರ್ಷ ಅವರ ಬಲ ಮುಂಗೈ ಬಾತಿತ್ತು. "ಈ ಸಲ ಎಲ್ಲಾ ನೀನ ಮಾಡವಾ. ಕೆಂಪು ಮುಚ್ಚಳದ ಡಬ್ಬಿ, ಒಂದ ಚಮಚ" ಅಂದ್ರು. ಅವರಿಗೆ ಓದಾಕ ಬರ್ತಿರಲಿಲ್ಲ, ಮುಚ್ಚಳದ ಬಣ್ಣದ ಮ್ಯಾಲೆ ಗುರ್ತು. ಕೆಂಪು ಅಂದ್ರ ಸೋಡಾ, ಹಸರು ಅಂದ್ರ ಬೋರಿಕ್ ಪುಡಿ. ಬ್ಯಾಳಿಗೆ ಹುಳ ಹತ್ತಬಾರದು ಅಂತ ಹಚ್ಚಿಡ್ತಾರಲ್ಲ, ಅದು. ಬೇಯಸೂ ಮೊದಲ ಬ್ಯಾಳಿ ತೊಳೀಬೇಕು, ಅದು ಹೊಟ್ಟಿಗೆ ಹೋಗಬಾರದ್ದು. ನನಗ ಏನ್ ಹೆಮ್ಮಿ ಅಂತೀರಿ, ಮೊದಲನೇ ಸಲ ನನ್ನ ಕೈಗೆ ಕೊಟ್ಟಾರ ಅಂತ. ಬೇಕರ್ಯಾಂವ ತಗಡು ಹೊರಗ ತೆಗದು, "ಅಕ್ಕಾರ, ಉಬ್ಬೇ ಇಲ್ಲಲ್ಲ, ಸೋಡಾ ಮರತ್ರೇನು?" ಅಂತ ಮರಾಠಿಯೊಳಗ ಕೇಳಿದ. "ಹಾಕೀನಿ, ನಿನ್ನ ಭಟ್ಟೀನ ಸುಮಾರದ" ಅಂತ ಅವಗ ಜೋರು ಮಾಡಿ ಬಂದೆ.

ಪೂಜಾ ಆಗೂತನಕ ಮನ್ಯಾಗ ಯಾರೂ ತಿನ್ನೂ ಹಂಗಿಲ್ಲ. ಆದ್ರ ಕೆಳಗಿನ ಖೋಲಿ ಶಿಂದೆ ಕಾಕೂನ ಮಗಳು ಸುನಂದಾ ಬಾಣಂತನಕ್ಕಂತ ಬಂದಿದ್ಲು, ಎಂಟು ತಿಂಗಳು ತುಂಬಿತ್ತು. ವಾಸನಿ ಹಿಡದು, "ವೈನಿ, ಒಂದ ಕೊಡ್ರಿ" ಅಂತ ನನಗ ಕೇಳಿದ್ಲು. ಬಸುರಿ ಬಯಸಿದ್ದು ಇಲ್ಲ ಅನಬಾರದು ಅಂತ ಅತ್ತಿ ಒಂದು ಡಬ್ಬಿ ತುಂಬಿ ಕೊಟ್ಟು ಕಳಿಸಿದ್ರು.

ಮರುದಿನ ಮುಂಜಾನೆ, ಅಲ್ಲ, ಮುಂಜಾನೆ ಅಲ್ಲ, ಊಟ ಆಗಿತ್ತು, ಅತ್ತಿ ಊರಿಂದ ಬಂದ ತೊಗರಿಬ್ಯಾಳಿ ಹರವಿಕೊಂಡು ಕೂತಿದ್ರು. "ಹಸರು ಮುಚ್ಚಳದ್ದು ತಾ" ಅಂದ್ರು. ತಂದೆ. ಬ್ಯಾಳಿಗೆ ಹಾಕಿ ಎಡಗೈಲೆ ತಿಕ್ಕಿದ್ರು, ತಿಕ್ಕಿದ್ರು, ಮುಖ ಸಣ್ಣ ಮಾಡಿದ್ರು, ನಾಲಿಗಿ ತುದಿಗೆ ಹಚ್ಚಿ ನೋಡಿದ್ರು. "ಇದು ಸೋಡಾನ ಅದವಾ. ಆ ಇನ್ನೊಂದು ತಾ."

ಹಬ್ಬಕ್ಕ ಡಬ್ಬಿ ಎಲ್ಲಾ ತೊಳದು ಒಣಗಿಸಿ ಮುಚ್ಚಳ ಹಾಕಿದಾಕಿ ನಾನ. ಅದರದು ಇದಕ್ಕ, ಇದರದು ಅದಕ್ಕ ಹಾಕಿಬಿಟ್ಟಿದ್ದೆ, ನಾನಖಟಾಯಿಗೆ ಬಿದ್ದದ್ದು ಬೋರಿಕ್ ಪುಡಿ. ಹೇಳಬೇಕಿತ್ತಲ್ಲ? ಹೇಳಲಿಲ್ಲ. "ಬಂದೆ" ಅಂತ ಕೆಳಗ ಓಡಿದೆ. ಏನರ ನೆವ ಹೇಳಿ ನಾನಖಟಾಯಿ ಡಬ್ಬಿ ವಾಪಸ್ ಇಸ್ಕೊಂಡ್ರಾತು, ಯಾರಿಗೂ ಗೊತ್ತಾಗೂದಿಲ್ಲ ಅಂತ.

ಕಾಕೂಗ ಹೇಳಿದೆ, "ಕಾಕು, ಅದರಾಗ ಉಪ್ಪು ಹೆಚ್ಚಾಗ್ಯದ, ನಾಚಿಕಿ ಬರ್ತದ, ಕೊಟ್ಟುಬಿಡ್ರಿ, ಬ್ಯಾರೆ ತರ್ತೀನಿ." ಕಾಕು ಭಾಳ ಮರ್ಯಾದಿ ಹೆಂಗಸು. ನನಗ ಕೆಟ್ಟ ಅನಸಬಾರದಂತ, "ಕುಠೇ ಗ ಖಾರಟ? ಎಲ್ಲೈತಿ ಉಪ್ಪು? ಸುನಂದಾ, ನೀನ ಹೇಳು" ಅಂತ ಇನ್ನೊಂದು ತೆಗದು ಮಗಳ ಕೈಯಾಗ ಕೊಟ್ರು. ಆ ಹುಡುಗಿ ನನ್ನ ಮುಖ ನೋಡಿಕೋತ, ನಕ್ಕೋತ, ಪೂರಾ ತಿಂದ್ಲು. "ಛಾನ್ ಅದ ವೈನಿ, ಭಾಳ ರುಚಿ" ಅಂದ್ಲು. ನಾ ನಿಂತು ನೋಡಿದೆ.

ಮೆಟ್ಟಲ ಹತ್ತಿ ಬಂದು ಅತ್ತಿ ಮುಂದ ಕುಸದು ಕೂತು ಎಲ್ಲಾ ಹೇಳಿದೆ. ಅವರು ಬೈಲಿಲ್ಲ, ಬೈದಿದ್ರ ಚಲೋ ಇತ್ತು. ಬ್ಯಾಳಿ ಅಲ್ಲೇ ಬಿಟ್ಟು, ಚಪ್ಪಲಿ ಸೈತ ಇಲ್ಲದ ಕೆಳಗ ಇಳದು ಕಾಕೂಗ ಎಲ್ಲಾ ಹೇಳಿದ್ರು, ನಾ ಹಿಂದ ಹೋದೆ. ಕಾಕು ಒಂದ ಮಾತು ಕೇಳಿದ್ರು ನನಗ, "ಆಗಳೇ ಯಾಕ ಹೇಳಲಿಲ್ಲ?" ದವಾಖಾನಿಗೆ ಹೋಗೂ ರಿಕ್ಷಾದಾಗ ಸುನಂದಾ ಹೊಟ್ಟಿ ಹಿಡಕೊಂಡು ಕೂತಿದ್ಲು. ನಾ ಮಾಡ್ಕೊಳ್ಳಾರದ ಹರಕಿ ಇಲ್ಲ. ದವಾಖಾನಿಯೊಳಗ ಡಾಕ್ಟರು, "ಎಷ್ಟು ತಿಂದಾಳ?" ಅಂದ್ರು. ಕಾಕು, "ನಿನ್ನಿ ಒಂದು" ಅಂದ್ರು, ನನ್ನ ಕಡೆ ನೋಡಿದ್ರು, "ಇವತ್ತೊಂದು" ಅಂದ್ರು. ಸಂಜೀತನಕ ಇಟ್ಕೊಂಡು, ಕೂಸಿನ ಎದಿ ಬಡಿತ ಕೇಳಿ ಕೇಳಿ, ಏನೂ ಆಗಿಲ್ಲ ಅಂತ ಮನಿಗೆ ಬಿಟ್ರು. ಮುಂದಿನ ತಿಂಗಳ ಗಂಡಸ ಮಗ, ಗಟ್ಟಿಮುಟ್ಟ. ಆಯ್ತು, ದೇವರು ದೊಡ್ಡಾಂವ.

ಆದ್ರ ಕೇಳ್ರಿ. ಮೊದಲನೇದು ನಾ ತಿಳೀದ ತಿನಿಸಿದ್ದು. ಎರಡನೇದು ತಿಳದು ತಿನಿಸಿದ್ದು. ತಪ್ಪಾದ್ರ ಓಡಿ ಬಂದು ಹೇಳ್ರಿ, ಬೈಸ್ಕೊಳ್ರಿ, ಅತ್ತುಬಿಡ್ರಿ. ಹಿಂಗ ನಿಂತು ನೋಡಬ್ಯಾಡ್ರಿ.